ಕಣ್ಣಿನ ಜಾಗದಲ್ಲಿ ಕುರ್ಚಿ

"ಒತ್ತಿ ಅಜ್ಜಿ, ಚೀಟಿ ಬರುತ್ತೆ."

ಅಜ್ಜಿ ಒತ್ತಲಿಲ್ಲ. ಎಡಗಣ್ಣಿನ ಮೇಲೆ ಹಸಿರು ಬಟ್ಟೆಯ ಮರೆ, ಕೈಗಳೆರಡೂ ಬೆನ್ನ ಹಿಂದೆ. ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಬೆಳಿಗ್ಗೆಯಷ್ಟೇ ನಿಲ್ಲಿಸಿದ್ದ ಚೀಟಿ ಯಂತ್ರದ ಹೊಸ ಟಚ್ ಪರದೆಯನ್ನು ಕತ್ತು ಓರೆ ಮಾಡಿ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದಿದ್ದವರೂ ಸರಿದರು. ಆಪರೇಷನ್ ಆದವರು ಮತ್ತೆ ತೋರಿಸಿಕೊಳ್ಳುವ ದಿನ ಅದು. ಸಾಲು ಬಾಗಿಲಾಚೆ ಬೆಳೆಯಿತು.

ಮೇಜಿನ ಹಿಂದಿನಿಂದ ಹಾಗೆಂದಿದ್ದ ಚೀಟಿಯಕ್ಕ ಕತ್ತು ಚಾಚಿ ನೋಡಿದಳು. ಬಂದವರಿಗೆಲ್ಲ ಸರದಿಯ ಚೀಟಿ ಬರೆದು ಕೊಟ್ಟೂ ಕೊಟ್ಟೂ ಅಂಟಿಕೊಂಡ ಹೆಸರು ಅದು. ಈ ಪರದೆಯ ಮೇಲಿನದೆಲ್ಲ ಅವಳದೇ ಕೈಕೆಲಸ. ಹೊರಗಿನ ಕಂಪನಿಯವರಿಂದ ಮಾಡಿಸೋಣ ಎಂದು ಡಾಕ್ಟರು ಹೇಳಿದಾಗ, "ನಾನೇ ಮಾಡ್ತೀನಿ ಸರ್" ಎಂದುಬಿಟ್ಟಿದ್ದಳು. ಡಾಕ್ಟರು ನಕ್ಕಿದ್ದರು. "ಮಾಡು. ಮೊದಲ ದಿನ ಸಂಜೆತನಕ ನೋಡೋಣ. ಜನ ಒದ್ದಾಡಿದ್ರೆ ಕಂಪನಿಯವರಿಗೇ ಫೋನು."

ಕೋಡು ಗೀಡು ಬರೆಯುವ ಕೆಲಸವಿರಲಿಲ್ಲ. ಬಟನ್ನು, ಚಿತ್ರ, ಅಕ್ಷರ ಎಲ್ಲವೂ ಕಂಪ್ಯೂಟರಿನ ತೆರೆಯ ಎಡಬದಿಯಲ್ಲಿ ಅಂಗಡಿ ಸಾಮಾನಿನ ಹಾಗೆ ಜೋಡಿಸಿರುತ್ತಿದ್ದವು. ಬೇಕಾದ್ದನ್ನು ಹಿಡಿದು, ಎಳೆದು, ಬೇಕಾದಲ್ಲಿ ಬಿಟ್ಟರಾಯಿತು. ಮೊದಮೊದಲು ಬಿಟ್ಟದ್ದೊಂದು ಕಡೆ, ಕೂತದ್ದೊಂದು ಕಡೆ. ಒಂದು ಬಟನ್ನಂತೂ ಚಿತ್ರದ ಬೆನ್ನಿಗೆ ಅಡಗಿ ಮಧ್ಯಾಹ್ನವಿಡೀ ಕಣ್ಣಾಮುಚ್ಚಾಲೆ ಆಡಿಸಿತ್ತು. ಚಿಕ್ಕಂದಿನಲ್ಲಿ ಅವಳ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಗೋಡೆಯ ಮೇಲಿನ ಚಿತ್ರವನ್ನು ಮುಟ್ಟಿದರೆ ಬಾಗಿಲು ತೆರೆಯುತ್ತಿತ್ತು. ಇಲ್ಲಿಯೂ ಹಾಗೇ ಆಗಲಿ ಎಂದು ಅವಳು ಪರದೆಯ ನಟ್ಟನಡುವೆ ದೊಡ್ಡದೊಂದು ಕಣ್ಣನ್ನು ತಂದು ಕೂರಿಸಿದ್ದಳು. ಮಿನುಗುವ ಪಾಪೆ, ಒಂದೊಂದೇ ಎಣಿಸಬಹುದಾದ ರೆಪ್ಪೆಗೂದಲು. ಓದುವ ಕಷ್ಟ ಬೇಡವೆಂದು, ಮೇಲುಗಡೆ ಆಸ್ಪತ್ರೆಯ ಹೆಸರು ಬಿಟ್ಟರೆ ಬೇರೆ ಅಕ್ಷರ ಹಾಕಿರಲಿಲ್ಲ. ಕಣ್ಣು ಒತ್ತಿದರೆ ಚೀಟಿ, ಅಷ್ಟೇ.

"ಏನೇ ಚೀಟೀ, ನಿನ್ನ ಕಣ್ಣಿಗೆ ಎಲ್ರೂ ಹೆದರಿದ ಹಾಗಿದೆ!" ಹನಿ ಹಾಕುವ ನರ್ಸಮ್ಮ ಒಳಗಿನಿಂದ ಕೆಣಕಿದಳು. "ಕಂಪನಿ ನಂಬರು ಹುಡುಕಿಡ್ಲಾ?"

ಚೀಟಿಯಕ್ಕ ಎದ್ದು ಬಂದಳು. "ಅಜ್ಜೀ, ಚಿತ್ರ ಕಾಣ್ತಾ ಇಲ್ವಾ?"

"ಕಾಣ್ದೆ ಏನು! ದೃಷ್ಟಿ ತಾಗೋ ಹಾಗಿದೆ."

"ಮತ್ತೆ ಮುಟ್ಟಿ."

"ಚೆನ್ನಾಗಿ ಹೇಳ್ದೆ ನೋಡು! ಕಣ್ಣು ಮುಟ್ಟಬೇಡಿ, ಏನೇ ಆದ್ರೂ ಮುಟ್ಟಬೇಡಿ ಅಂತ ಆಪರೇಷನ್ ದಿನ ಗದರಿಸಿದ್ದು ನೀನೇ ಅಲ್ವೇನಮ್ಮಾ? ಮಲಗೋವಾಗ ಕೈಗೆ ಕಾಲುಚೀಲ ಹಾಕ್ಕೊಂಡು ಮಲಗ್ತೀನಿ ನಾನು!"

ಸಾಲಿನವರೆಲ್ಲ ತಲೆಯಾಡಿಸಿದರು. ಚೀಟಿಯಕ್ಕ ಕತ್ತೆತ್ತಿದಳು. ಸರಿಯಾಗಿ ಪರದೆಯ ಮೇಲ್ಗಡೆಯೇ, ಅವಳದೇ ದುಂಡು ಅಕ್ಷರದ ಹಲಗೆ: ಕಣ್ಣು ಮುಟ್ಟಬೇಡಿ.

ನಗು ಬಂತು, ಅಳುವೂ ಬಂತು. "ಸ್ವಲ್ಪ ಹೊತ್ತು ಕೂತ್ಕೊಳ್ಳಿ ಎಲ್ರೂ" ಎಂದಳು. ಎಂದದ್ದೇ ತಡ, ಇಡೀ ಸಾಲು ಗೋಡೆ ಬದಿಯ ಹಳದಿ ಕುರ್ಚಿಗಳತ್ತ ನಡೆಯಿತು. ಯಾರಿಗೂ ಕೈಹಿಡಿದು ತೋರಿಸಬೇಕಾಗಲಿಲ್ಲ. ಅದನ್ನೇ ನೋಡುತ್ತ ನಿಂತಳು. ಆಮೇಲೆ ಮೇಜಿಗೆ ಓಡಿದಳು. ಕಣ್ಣನ್ನು ಹಿಡಿದು ಎಳೆದು ಆಸ್ಪತ್ರೆಯ ಹೆಸರಿನ ಪಕ್ಕಕ್ಕೆ ಬಿಟ್ಟಳು. ಖಾಲಿಯಾದ ನಡುವಿಗೆ ಒಂದು ಹಳದಿ ಕುರ್ಚಿಯ ಚಿತ್ರವನ್ನು ತಂದಳು. ಈ ಸಲ ಬಿಟ್ಟ ಕಡೆಯೇ ಕೂತಿತು.

"ಬನ್ನಿ ಅಜ್ಜಿ."

ಅಜ್ಜಿ ಬೆನ್ನ ಹಿಂದಿನಿಂದ ಒಂದು ಕೈ ಬಿಡಿಸಿಕೊಂಡು, ಕುರ್ಚಿಯನ್ನು ಬೆರಳಿನಿಂದ ಒತ್ತಿದಳು. ಕಿರ್ರೆಂದು ಚೀಟಿ ಬಂತು. ಅದನ್ನು ಹಿಡಿದು ಹೋಗುವ ಬದಲು ಅಲ್ಲೇ ನಿಂತು, ಹಿಂದಿನವನಿಗೆ ಹೇಳಿದಳು: "ಕಣ್ಣಿನ ತಂಟೆಗೆ ಹೋಗ್ಬೇಡಪ್ಪಾ. ಕುರ್ಚಿ ಒತ್ತು. ನಮ್ಮ ಹುಡುಗಿ ಮಾಡಿದ್ದು ಇದು."

ಸಂಜೆ ಡಾಕ್ಟರು ಹೊರಡುವಾಗ ಪರದೆಯ ಮುಂದೆ ನಿಂತರು. ಕುರ್ಚಿ ಒತ್ತಿದರು. ಬಂದ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಮಹಡಿ ಮೇಲಕ್ಕೂ ಒಂದು ಬೇಕಲ್ಲ ಚೀಟಿಯಕ್ಕಾ" ಎಂದರು.

ನರ್ಸಮ್ಮ ದೀಪಗಳನ್ನು ಆರಿಸುತ್ತ ಬಂದಳು. ಚೀಟಿಯಕ್ಕ ಬಟ್ಟೆ ಒದ್ದೆ ಮಾಡಿಕೊಂಡು ಗಾಜು ಒರೆಸಲು ಬಗ್ಗಿದಳು. ಮೇಲಿನ ಕಣ್ಣಿನ ಸುತ್ತ ಗಾಜು ತಿಳಿಯಾಗಿತ್ತು. ಕುರ್ಚಿಯ ಮೇಲೆ ಮಾತ್ರ ಬೆರಳ ಗುರುತುಗಳು ಒಂದರ ಮೇಲೊಂದು, ಹಳದಿಯೇ ಮಸುಕಾಗುವಷ್ಟು. ಅವಳು ಅಂಚುಗಳನ್ನಷ್ಟೇ ಒರೆಸಿ, ಬಟ್ಟೆಯನ್ನು ಹಿಂಡಿ, ಮೊಳೆಗೆ ನೇತುಹಾಕಿದಳು.