ಮುನ್ನೂರ ಹನ್ನೆರಡು

"ಮುಂಚೆ ಯಾವತ್ತಾದ್ರೂ ಇವರ ರಕ್ತ ಪರೀಕ್ಷೆ ಮಾಡಿಸಿದ್ರಾ? ಹಳೇ ರಿಪೋರ್ಟ್ ಏನಾದ್ರೂ ಇದೆಯಾ?" ಎಂದು ಹೃದಯದ ಡಾಕ್ಟರು ಕೇಳಿದಾಗ, ಬಸ್ ಡ್ರೈವರನ ಕೈ ತನ್ನಷ್ಟಕ್ಕೆ ತಾನೇ ಯೂನಿಫಾರ್ಮಿನ ಜೇಬಿನ ಮೇಲೆ ಹೋಗಿ ಕೂತಿತು.

ಉತ್ತರ ಕೊಟ್ಟವಳು ಅವನ ತಮ್ಮನ ಹೆಂಡತಿ. "ಇಲ್ಲ ಡಾಕ್ಟ್ರೇ. ಒಂದು ನೆಗಡಿ ಅಂತಲೂ ಮಲಗಿದವರಲ್ಲ ಇವರು. ದಿನಾ ಮೂವತ್ತು ಕಿಲೋಮೀಟರ್ ಸೈಕಲ್ ತುಳಿದು ಟಪಾಲು ಹಂಚೋ ಮನುಷ್ಯ. ಮೈಯಲ್ಲಿ ಹಿಡಿ ಮಾಂಸ ಇಲ್ಲ. ಇವರಿಗೆ ಹೇಗೆ ಹಾರ್ಟ್ ಅಟ್ಯಾಕು?"

"ಅದೇ ನನಗೂ ಅನುಮಾನ," ಎಂದರು ಡಾಕ್ಟರು. "ನಲವತ್ತೊಂದು ವಯಸ್ಸು, ಸಿಗರೇಟಿಲ್ಲ, ಸಕ್ಕರೆ ಕಾಯಿಲೆ ಇಲ್ಲ, ಆದ್ರೂ ಮೂರು ರಕ್ತನಾಳ ಕಟ್ಟಿಕೊಂಡಿವೆ. ಹುಟ್ಟಿನಿಂದಲೇ ಬಂದ ಕೊಲೆಸ್ಟ್ರಾಲ್ ಇರಬಹುದು. ಆದ್ರೆ ಅಟ್ಯಾಕ್ ಆದ ಮೇಲೆ ಅದರ ಅಂಕಿ ಇಳಿದುಬಿಡುತ್ತೆ, ಈಗ ತೆಗೆದ ರಕ್ತವನ್ನ ನಂಬೋ ಹಾಗಿಲ್ಲ. ಹಳೇದೊಂದಿದ್ರೆ ಗಟ್ಟಿಯಾಗಿ ಹೇಳಬಹುದಿತ್ತು. ಯಾಕಂದ್ರೆ ಹಾಗೇನಾದ್ರೂ ಇದ್ರೆ ಮಕ್ಕಳನ್ನೂ ನೋಡಬೇಕು. ಮಕ್ಕಳಿದಾರಾ?"

"ಇಬ್ಬರು. ಹೆಣ್ಣುಮಕ್ಕಳು," ಎಂದವಳು ಗೋಡೆ ಹಿಡಿದು ಬೆಂಚಿನ ಮೇಲೆ ಕೂತಳು.

"ಮನೇಲಿ ಹುಡುಕಿಸಿ ನೋಡಿ," ಎಂದು ಹೇಳಿ ಡಾಕ್ಟರು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಬೆಳಿಗ್ಗೆ ಹತ್ತೂವರೆಗೆ, ನೀಲಿ ಗೇಟಿನ ಮನೆಯೊಂದರ ಮುಂದೆ ಸೈಕಲ್ಲಿನಿಂದ ಕುಸಿದ ತಮ್ಮ ಆ ಬಾಗಿಲಿನ ಆಚೆ ಮಲಗಿದ್ದ. ಡ್ರೈವರನ ಜೇಬಿನಲ್ಲಿ ಲೈಸೆನ್ಸಿತ್ತು. ಲೈಸೆನ್ಸಿನ ಹಿಂದೆ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಎಂಟು ತಿಂಗಳಿಂದ ಇತ್ತು.

ಡಿಪೋದಲ್ಲಿ ಅವನಿಗೆ ಡಬ್ಬಲ್ ಎಂದೇ ಹೆಸರು. ತೊಂಬತ್ತಾರು ಕಿಲೋ ತೂಗುವ ಆಸಾಮಿ, ಸೀಟನ್ನು ಎಷ್ಟು ಹಿಂದಕ್ಕೆ ಸರಿಸಿದರೂ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಕೈ ಬಿಟ್ಟರೂ ಬಸ್ಸು ನೆಟ್ಟಗೆ ಹೋಗುತ್ತದೆ, ಹೊಟ್ಟೆಯೇ ತಿರುಗಿಸುತ್ತದೆ ಎಂದು ಕಂಡಕ್ಟರುಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ, ಒಂದು ಕನ್ನಡಿಯನ್ನೂ ಒಡೆದವನಲ್ಲ. ಅವನಿಗೆ ಅದನ್ನು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ, ಬರಬೇಕು ಎಂದು ಅನ್ನಿಸಿಯೂ ಇರಲಿಲ್ಲ.

ಹಾಗಿರುವಾಗ ಹೊಸ ನಿಯಮ ಬಂತು. ನಲವತ್ತೈದು ದಾಟಿದ ಡ್ರೈವರುಗಳೆಲ್ಲ ವರ್ಷಕ್ಕೊಮ್ಮೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ರಿಪೋರ್ಟನ್ನು ಡಿಪೋ ಡಾಕ್ಟರಿಗೆ ತೋರಿಸಬೇಕು. ಮೊದಲ ವಾರದಲ್ಲೇ ಹಿರಿಯ ಡ್ರೈವರೊಬ್ಬನನ್ನು ಬಸ್ಸಿನಿಂದ ಇಳಿಸಿ ಗೇಟಿನಲ್ಲಿ ಕೂರಿಸಿದರು, ಬರುವ ಹೋಗುವ ಬಸ್ಸುಗಳ ನಂಬರು ಬರೆಯುವುದಕ್ಕೆ. ಅವನ ಜೋಲು ಮುಖ ನೋಡಿದ ದಿನವೇ ಡಬ್ಬಲ್‌ನ ಎದೆ ಹೊಡೆದುಕೊಳ್ಳತೊಡಗಿತು. ಅಪ್ಪ ನಲವತ್ತಾರಕ್ಕೆ, ಚಪ್ಪಲಿ ಮೆಟ್ಟಲು ಬಗ್ಗಿದವನು ಬಗ್ಗಿದಂತೆಯೇ ಉರುಳಿದ್ದ. ತನಗೀಗ ನಲವತ್ತೇಳು, ಮೇಲೆ ಈ ಹೊಟ್ಟೆ ಬೇರೆ.

ತಮ್ಮನ ಮುಂದೆ ಬಾಯಿ ಬಿಟ್ಟ. ತಮ್ಮ ಬಿದ್ದು ಬಿದ್ದು ನಕ್ಕ.

"ಅಷ್ಟೇ ತಾನೇ? ನಾನು ಹೋಗಿ ಕೊಟ್ಟು ಬರ್ತೀನಿ ಬಿಡು. ಡಿಪೋ ಕೊಟ್ಟ ಚೀಟಿಯಲ್ಲಿ ಫೋಟೋ ಇದೆಯಾ ಏನು? ನಿನ್ನ ಹೆಸರು ಹೇಳ್ತೀನಿ, ತೋಳು ಚಾಚ್ತೀನಿ. ನನ್ನ ಮೈಯಲ್ಲಿ ಕೊಬ್ಬು ಹುಡುಕೋಕೆ ಅವರು ದುರ್ಬೀನು ತರಬೇಕು."

"ಗೊತ್ತಾದ್ರೆ ಇಬ್ಬರಿಗೂ ಕಷ್ಟ ಕಣೋ. ಮನೇಲಿ ಯಾರಿಗೂ ಹೇಳ್ಬೇಡ."

"ಯಾರಿಗೆ ಹೇಳಲಿ ಮಾರಾಯ. ಪಾಸಾದ್ರೆ ಹೊಟ್ಟೆ ತುಂಬ ತಿಂಡಿ ಕೊಡಿಸು."

ಹಿಂದಿನ ರಾತ್ರಿಯಿಂದ ಏನೂ ತಿನ್ನದೆ, ಮರುದಿನ ಏಳಕ್ಕೇ ಸೈಕಲ್ಲಿನಲ್ಲಿ ಹೋಗಿ ತಮ್ಮ ರಕ್ತ ಕೊಟ್ಟುಬಂದ. ಸಂಜೆ ರಿಪೋರ್ಟು ತರಲು ಹೋದವನು ಅಣ್ಣ.

ಕೌಂಟರಿನಲ್ಲಿ ಕೂತಿದ್ದ ಹೆಂಗಸು ಕಾಗದ ಕೊಡುವ ಮೊದಲೇ ಅವನ ಮುಖ ನೋಡಿದಳು. ನೋಡಿದ ರೀತಿ ಅವನಿಗೆ ಹಿಡಿಸಲಿಲ್ಲ. ಕಾಗದ ತುಂಬ ನಕ್ಷತ್ರದ ಗುರುತುಗಳಿದ್ದವು.

"ಈ ನಕ್ಷತ್ರ ಎಲ್ಲ ಒಳ್ಳೇದಕ್ಕಾ?" ಎಂದು ಕೇಳಿದ, ಪೆದ್ದನ ಹಾಗೆ.

ಅವಳು ಪೆನ್ಸಿಲ್ ತೆಗೆದುಕೊಂಡಳು. "ಇದು ಒಟ್ಟು. ಇನ್ನೂರರ ಒಳಗಿರಬೇಕು, ಮುನ್ನೂರ ಹನ್ನೆರಡಿದೆ. ಇದು ಕೆಟ್ಟದ್ದು, ನೂರರ ಆಸುಪಾಸಿನಲ್ಲಿರಬೇಕು, ಇನ್ನೂರ ಮೂವತ್ತೆಂಟಿದೆ. ಇದು ಒಳ್ಳೇದು. ಇದೊಂದು ಮಾತ್ರ ಜಾಸ್ತಿ ಇರಬೇಕು ನೋಡಿ, ಇದೇ ಕಮ್ಮಿ, ಮೂವತ್ತನಾಲ್ಕು."

"ಮಿಷಿನ್ ಏನಾದ್ರೂ ತಪ್ಪು ಹೇಳಿದೆಯಾ?"

"ಎರಡು ಸಲ ಹಾಕಿದೀವಿ." ಅವಳ ಕಣ್ಣು ಅವನ ಹೊಟ್ಟೆಯ ಮೇಲೆ ಬಿದ್ದು ಮೇಲೆ ಬಂತು. "ದಪ್ಪ ಇದೀರಿ ಅಂತ ಬಂದಿದ್ದಲ್ಲ ಇದು. ಇಷ್ಟೊಂದು ಅಂದ್ರೆ ಬರೀ ಊಟದ್ದಲ್ಲ, ವಂಶದಲ್ಲಿ ಬರೋದು. ಕಡ್ಡಿ ಹಾಗಿರೋರಿಗೂ ಬರುತ್ತೆ. ನಿಮ್ಮ ತಂದೆಗೆ ಹೃದಯದ ತೊಂದರೆ ಇತ್ತಾ? ಸುಮ್ನೆ ಬಿಡಬೇಡಿ, ಬೇಗ ಡಾಕ್ಟರನ್ನ ನೋಡಿ."

ಅಪ್ಪನೂ ಕಡ್ಡಿಯ ಹಾಗೇ ಇದ್ದ. ಬಗ್ಗಿದ ಅಪ್ಪನ ಬೆನ್ನು, ಅಂಗಿಯ ಮೇಲೆದ್ದ ಮೂಳೆ, ಎಲ್ಲ ಅವನಿಗೆ ಆ ಕೌಂಟರಿನ ಮುಂದೆಯೇ ನೆನಪಾಯಿತು. ಹಾಗಾಗಿ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಾಯಿತು, ಆ ಸಂಜೆಯೇ ಗೊತ್ತಾಯಿತು. ಆದರೆ ಅಯ್ಯೋ, ಮೊದಲು ಬಂದದ್ದು ತಮ್ಮನ ಚಿಂತೆಯಲ್ಲ, ಸಿಟ್ಟು. ಈ ಕಡ್ಡಿಯನ್ನು ನಂಬಿ ಕೆಟ್ಟೆನಲ್ಲಪ್ಪ ಎಂದುಕೊಂಡ.

ಡಿಪೋ ಡಾಕ್ಟರು ಮಾತ್ರೆ ಬರೆದುಕೊಟ್ಟು, ಮೂರು ತಿಂಗಳು ಗೇಟಿಗೆ ಹಾಕಿದರು. ಆಮೇಲೆ ಮತ್ತೆ ಪರೀಕ್ಷೆ. ತಮ್ಮ ಸಂಜೆ ಸೈಕಲ್ ಇಳಿಯುವ ಮೊದಲೇ ಕೂಗಿದ. "ಏನಂತೆ ಅಣ್ಣ? ಪಾಸಾ, ಫೇಲಾ?"

ಹೇಳಬೇಕೆಂದೇ ಇದ್ದ. ಆದರೆ ಹೇಳಿದರೆ ತಮ್ಮ ತನ್ನ ಹೆಸರಿನಲ್ಲಿ ಅದೇ ಲ್ಯಾಬಿಗೆ ಹೋಗುತ್ತಾನೆ, ಅವತ್ತು ರಕ್ತ ತೆಗೆದವರು ಯಾರಾದರೂ ಅವನ ಗುರುತು ಹಿಡಿಯುತ್ತಾರೆ, ಮಾತು ಡಿಪೋಕ್ಕೆ ಬರುತ್ತದೆ. ಮೋಸ ಮಾಡಿದವನಿಗೆ ಗೇಟೂ ಇಲ್ಲ, ಸೀದಾ ಮನೆ. ಮೂರು ತಿಂಗಳು ತಾನೇ, ಸ್ಟಿಯರಿಂಗ್ ಕೈಗೆ ಬಂದ ಮೇಲೆ ಹೇಳಿದರಾಯಿತು.

"ನೀನು ಪಾಸು ಕಣೋ," ಎಂದ. "ತೂಕ ಜಾಸ್ತಿ ಅಂತ ನನ್ನ ಗೇಟಿಗೆ ಹಾಕಿದಾರೆ ಅಷ್ಟೇ."

ತಮ್ಮನ ಮುಖ ಇಳಿದುಹೋಯಿತು. "ಛೇ, ನನ್ನ ರಕ್ತ ಕೊಟ್ಟೂ ಪ್ರಯೋಜನ ಆಗ್ಲಿಲ್ವಲ್ಲ," ಎಂದು ಪೇಚಾಡಿದ. ಮರುದಿನ ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದ. "ಏಳು, ನಡಿ. ಮೂರು ತಿಂಗಳಲ್ಲಿ ಆ ಹೊಟ್ಟೆ ಕರಗಿಸ್ತೀನಿ."

ಅಲ್ಲಿಂದ ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಟಪಾಲಿನ ಕೆಲಸಕ್ಕೆ ಮುಂಚೆ ಅಣ್ಣನನ್ನು ಎಬ್ಬಿಸಿಕೊಂಡು, ಕಾಲುವೆಯ ದಾರಿಯಲ್ಲಿ ಮೋರಿಯ ತನಕ ನಡೆಸಿ, ಅಲ್ಲಿನ ಕಟ್ಟೆಯ ಮೇಲೆ ಐದು ನಿಮಿಷ ಕೂರಿಸಿ, ವಾಪಸು ಕರೆತರುತ್ತಿದ್ದ. ದಾರಿಯುದ್ದಕ್ಕೂ ಬಾಯಿಗೆ ಬಿಡುವಿಲ್ಲ. ಯಾರ ಮನೆಯ ನಾಯಿ ಯಾವ ಬಣ್ಣದ ಲಕೋಟೆ ಕಂಡರೆ ಬೊಗಳುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಪಕ್ಕದಲ್ಲಿ ಏದುಸಿರು ಬಿಡುತ್ತ ನಡೆಯುವ ಅಣ್ಣ ದಿನಾ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ, ಇವತ್ತು ಹೇಳಿಬಿಡೋಣ.

ಒಂದು ದಿನ ಮೋರಿಗೆ ಇನ್ನೂ ಹತ್ತು ಹೆಜ್ಜೆಯಿರುವಾಗ ತಮ್ಮ ನಿಂತ. ಎದೆಯ ಮೇಲೆ ಅಂಗೈ ಇಟ್ಟು ಉಜ್ಜಿಕೊಂಡ.

"ಏನಾಯ್ತೋ?" ಡ್ರೈವರು ಅವನ ರಟ್ಟೆ ಹಿಡಿದ.

"ಏನಿಲ್ಲ, ಉರಿ. ಬೆಳಿಗ್ಗೆ ಖಾಲಿ ಹೊಟ್ಟೆ ನೋಡು." ಒಂದು ನಿಮಿಷ ಬಿಟ್ಟು ಮತ್ತೆ ನಡೆದ.

ಮರುದಿನ ಡ್ರೈವರು ತನಗೆ ಬರೆದುಕೊಟ್ಟಿದ್ದ ಮಾತ್ರೆಯ ಸ್ಟ್ರಿಪ್ಪನ್ನು ತಮ್ಮನ ಕೈಗಿಟ್ಟ. "ಶಕ್ತಿ ಮಾತ್ರೆ ಕಣೋ. ರಾತ್ರಿ ಒಂದೊಂದು ನುಂಗು."

"ಶಕ್ತಿಯಾ? ನನಗಾ?" ತಮ್ಮ ಸ್ಟ್ರಿಪ್ಪನ್ನು ಅಣ್ಣನ ಜೇಬಿಗೇ ತುರುಕಿದ. "ಗೇಟಲ್ಲಿ ಕೂತು ಸುಸ್ತಾಗೋನು ನೀನು. ನೀನೇ ನುಂಗು."

ಅವನೂ ಒತ್ತಾಯ ಮಾಡಲಿಲ್ಲ. ಕೊಟ್ಟೆನಲ್ಲ, ಅವನೇ ಬೇಡವೆಂದ, ನಾನೇನು ಮಾಡಲಿ ಎಂದು ತನ್ನನ್ನು ತಾನು ಸಮಾಧಾನ ಮಾಡಿಕೊಂಡ. ನಾಚಿಕೆಗೇಡು ಎಂದರೆ ಅದೇ.

ಮೂರು ತಿಂಗಳ ಮೇಲೆ ಈ ಸಲ ತಾನೇ ಹೋಗಿ ರಕ್ತ ಕೊಟ್ಟ, ಆದದ್ದಾಗಲಿ ಎಂದು. ಒಟ್ಟು ನೂರ ಎಂಬತ್ತನಾಲ್ಕು. ಒಂದೇ ಒಂದು ನಕ್ಷತ್ರವಿಲ್ಲ. ಡಿಪೋ ಡಾಕ್ಟರು ಬೆನ್ನು ತಟ್ಟಿದರು. "ಭೇಷ್! ಮಾತ್ರೆ ಚೆನ್ನಾಗಿ ಹಿಡಿದಿದೆ!" ಅವನು ಒಂದು ಮಾತ್ರೆಯನ್ನೂ ಮುಟ್ಟಿರಲಿಲ್ಲ. ಬರೀ ನಡಿಗೆಯಿಂದ ಇಷ್ಟು ಇಳಿಯುವುದುಂಟೇ? ತೊಂಬತ್ತಾರು ಕಿಲೋದ ಈ ದೇಹದಲ್ಲಿ ಕೆಟ್ಟದ್ದೇನೂ ಇದ್ದಿರಲಿಕ್ಕಿಲ್ಲ, ಮೊದಲ ದಿನವೇ ತನ್ನ ತೋಳನ್ನೇ ಚಾಚಿದ್ದರೆ ಸಲೀಸಾಗಿ ಪಾಸಾಗುತ್ತಿದ್ದ. ಡಾಕ್ಟರ ಕೋಣೆಯಿಂದ ಹೊರಬಂದವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸ್ಟಿಯರಿಂಗ್ ವಾಪಸು ಬಂತು, ಬೆಳಗಿನ ಪಾಳಿ ಶುರುವಾಯಿತು, ನಡಿಗೆ ನಿಂತಿತು. ಬರುವ ಭಾನುವಾರ ತಮ್ಮನನ್ನು ಕೂರಿಸಿಕೊಂಡು ಹೇಳುವುದು ಎಂದು ನಿಶ್ಚಯಿಸಿದ. ಆ ಭಾನುವಾರ ತಮ್ಮನ ಕಿರಿಯ ಮಗಳ ಹುಟ್ಟಿದ ದಿನ. ಮುಂದಿನ ಭಾನುವಾರ ಯಾರೋ ನೆಂಟರಿದ್ದರು. ಮೂರು ತಿಂಗಳು ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನೆನ್ನುವುದು? ಮೂರು ಹೋಗಿ ಐದಾದಾಗ ಆ ಪ್ರಶ್ನೆ ಇನ್ನಷ್ಟು ದೊಡ್ಡದಾಯಿತು. ಆರೋಗ್ಯವಾಗಿಯೇ ಇದ್ದಾನಲ್ಲ, ಸೈಕಲ್ ತುಳಿಯುತ್ತಿದ್ದಾನಲ್ಲ. ಕಾಗದವನ್ನು ಹರಿದು ಎಸೆಯಲು ಮಾತ್ರ ಕೈ ಬರಲಿಲ್ಲ. ಲೈಸೆನ್ಸಿನ ಹಿಂದೆ ಇಟ್ಟುಕೊಂಡೇ ಬಸ್ಸು ಓಡಿಸಿದ.

ಈಗ ಆಸ್ಪತ್ರೆಯ ಬೆಂಚಿನಲ್ಲಿ ತಮ್ಮನ ಹೆಂಡತಿ ಫೋನಿನಲ್ಲಿ ದೊಡ್ಡ ಮಗಳ ಜೊತೆ ಮಾತಾಡುತ್ತಿದ್ದಳು. "ಬೀರುವಿನ ಮೇಲಿನ ಖಾನೆ ನೋಡಿದ್ಯಾ? ಅಪ್ಪನ ಕಾಗದ ಎಲ್ಲ ಇರುತ್ತಲ್ಲ, ಆ ಡಬ್ಬಿ... ಇಲ್ವಾ? ಮಂಚದ ಕೆಳಗೆ ನೋಡು. ಯಾವುದಾದ್ರೂ ರಕ್ತದ ರಿಪೋರ್ಟು. ಅಳಬೇಡ ಪುಟ್ಟಿ, ಇನ್ನೊಂದ್ಸಲ ನೋಡು."

ಡ್ರೈವರು ಕಾರಿಡಾರಿನ ಆ ತುದಿಗೆ ಹೋಗಿ ಈ ತುದಿಗೆ ಬಂದ. ಈ ಕಾಗದ ಹೊರಗೆ ಬಂದರೆ ಡಿಪೋಕ್ಕೂ ತಿಳಿಯುತ್ತದೆ ಎಂಬ ಯೋಚನೆ ಆಗಲೂ ಬಂತು. ಬಂತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಫೋನಿನಿಂದ ಮಗುವಿನ ಬಿಕ್ಕು ಕೇಳುತ್ತಿತ್ತು, ಡಬ್ಬಿಗಳನ್ನು ಎಳೆದಾಡುವ ಸದ್ದೂ ಕೇಳುತ್ತಿತ್ತು.

"ಹುಡುಕಬೇಡ ಅನ್ನು ಅವಳಿಗೆ," ಎಂದ.

ಲೈಸೆನ್ಸು ತೆಗೆದ. ಕಾಗದ ತೆಗೆದ. ಮಡಿಕೆಗಳು ಬೆವರಿನಲ್ಲಿ ನೆನೆದು ಒಣಗಿ ಸವೆದಿದ್ದವು.

ಅವಳು ಬಿಡಿಸಿ ನೋಡಿದಳು. "ಇದು ನಿಮ್ಮದಲ್ವಾ ಭಾವ?"

"ಹೆಸರು ನಂದು. ರಕ್ತ ಅವನದು." ಮುಂದಿನದನ್ನು ನೆಲ ನೋಡಿಕೊಂಡು ಹೇಳಿದ. ಡಿಪೋ, ಗೇಟು, ಲ್ಯಾಬು, ಎಲ್ಲ ಹೇಳಿದ. ಇಷ್ಟು ತಿಂಗಳು ನಾಲಿಗೆಯ ತುದಿಯಲ್ಲಿದ್ದದ್ದು ಎರಡು ನಿಮಿಷದಲ್ಲಿ ಮುಗಿದುಹೋಯಿತು.

ಅವಳ ಬೆರಳು ತಾರೀಕಿನ ಕೆಳಗೆ ನಿಂತಿತ್ತು. "ಅವತ್ತು ತಿಂಡಿ ಬೇಡ ಅಂದ್ರು. ಅಣ್ಣ ಕೊಡಿಸ್ತಾನೆ, ಬಿಡು ಅಂದ್ರು," ಎಂದಳು. ಆಮೇಲೆ ಕೇಳಿದಳು, "ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ ಸಂಜೆ."

ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಎದ್ದು ಸೆರಗು ಸರಿಮಾಡಿಕೊಂಡು, ಕಾಗದ ಹಿಡಿದು ಡಾಕ್ಟರ ಬಾಗಿಲು ತಟ್ಟಿದಳು. ಹತ್ತು ನಿಮಿಷಕ್ಕೆ ಹೊರಗೆ ಬಂದವಳು ಇವನ ಕಡೆ ನೋಡದೆ ಮಗಳಿಗೆ ಫೋನು ಹಚ್ಚಿದಳು. "ತಂಗಿಗೂ ಹೇಳು, ನಾಳೆ ಬೆಳಿಗ್ಗೆ ಏನೂ ತಿನ್ನಬೇಡಿ ಇಬ್ಬರೂ. ರಕ್ತ ಕೊಡಬೇಕು."

ನಾಲ್ಕು ಗಂಟೆಗೆ ನರ್ಸು ಬಂದು ಒಬ್ಬೊಬ್ಬರಾಗಿ ಐದು ನಿಮಿಷ ನೋಡಬಹುದು ಎಂದಳು. ಹೆಂಡತಿ ಹೋಗಿ ಬಂದ ಮೇಲೆ ಡ್ರೈವರು ಹೋದ. ಮೈತುಂಬ ತಂತಿಗಳ ನಡುವೆ ತಮ್ಮ ಇನ್ನೂ ತೆಳ್ಳಗೆ ಕಾಣುತ್ತಿದ್ದ. ಹಾಸಿಗೆಯ ಮೇಲೆ ಹೊದಿಕೆ ಮಾತ್ರ ಇದ್ದ ಹಾಗೆ. ಅಣ್ಣನನ್ನು ಕಂಡು ಅವನ ತುಟಿಯ ಒಂದು ಮೂಲೆ ಮೇಲೆದ್ದಿತು.

"ರಕ್ತ ಎಲ್ಲ ತಗೊಂಡ್ರು," ಎಂದ. ದನಿ ಎಲ್ಲೋ ಆಳದಿಂದ ಬಂತು. "ಏನಂತೆ ಅಣ್ಣ? ಪಾಸಾ, ಫೇಲಾ?"

ಡ್ರೈವರು ಅವನ ಪಾದವನ್ನು ಹೊದಿಕೆಯ ಮೇಲಿಂದಲೇ ಹಿಡಿದುಕೊಂಡ. "ಫೇಲು ಕಣೋ. ಅವತ್ತೇ ಫೇಲಾಗಿತ್ತು. ನಾನು ಸುಳ್ಳು ಹೇಳ್ದೆ ನಿನಗೆ."

ತಮ್ಮ ಅವನನ್ನೇ ನೋಡಿದ. ಪಕ್ಕದ ಯಂತ್ರದಲ್ಲಿ ಹಸಿರು ಗೆರೆ ಏಳುತ್ತ ಬೀಳುತ್ತ ಹೋಗುತ್ತಿತ್ತು. ಮೋರಿಯ ಹತ್ತಿರ ನಿಂತದ್ದು ನೆನಪಾಯಿತೋ, ಶಕ್ತಿ ಮಾತ್ರೆ ನೆನಪಾಯಿತೋ, ಅವನ ಕಣ್ಣುಗಳಲ್ಲಿ ಏನೋ ಒಂದೊಂದಾಗಿ ಕೂಡಿಕೊಂಡ ಹಾಗೆ ಕಂಡಿತು. ಪಾದವನ್ನು ಮೆಲ್ಲಗೆ ಎಳೆದುಕೊಂಡ.

"ನೀಲಿ ಗೇಟಿನ ಹತ್ರ ಸೈಕಲ್ ಇದೆ," ಎಂದ ಕೊನೆಗೆ. "ಚೀಲದಲ್ಲಿ ಇನ್ನೂ ಕಾಗದ ಇದಾವೆ, ಪೋಸ್ಟಾಫೀಸಿಗೆ ಮುಟ್ಟಿಸು. ಸೈಕಲ್ ಮನೇಲಿಡು." ಇಷ್ಟು ಹೇಳಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಸೈಕಲ್ಲನ್ನು ಯಾರೋ ಎತ್ತಿ ನೀಲಿ ಗೇಟಿಗೆ ಒರಗಿಸಿದ್ದರು. ಆ ಮನೆಯ ಯಜಮಾನಿ ಚೀಲವನ್ನು ಜೋಪಾನವಾಗಿ ಒಳಗಿಟ್ಟಿದ್ದಳು. "ಹೇಗಿದಾರೆ ನಮ್ಮ ಪೋಸ್ಟ್‌ಮ್ಯಾನು?" ಎಂದು ಕೇಳಿದಳು. "ಇದಾನೆ," ಎಂದ. ಚೀಲವನ್ನು ಪೋಸ್ಟಾಫೀಸಿನಲ್ಲಿ ಒಪ್ಪಿಸಿ ಮನೆಯ ಕಡೆ ಹೊರಟ. ಹತ್ತಿ ತುಳಿಯಲು ಮನಸ್ಸಾಗಲಿಲ್ಲ, ತಳ್ಳಿಕೊಂಡೇ ನಡೆದ. ದೊಡ್ಡ ರಸ್ತೆಯಲ್ಲಿ ಅವನ ಡಿಪೋದ್ದೇ ಬಸ್ಸೊಂದು ಪಕ್ಕಕ್ಕೆ ಬಂದು ನಿಧಾನವಾಯಿತು. "ಏನೋ ಡಬ್ಬಲ್, ಬಸ್ಸು ಬಿಟ್ಟು ಸೈಕಲ್ಲಿಗೆ ಬಂದ್ಯಾ? ಹತ್ತು, ಬಿಡ್ತೀನಿ!" ಎಂದು ಡ್ರೈವರ್ ಗೆಳೆಯ ಕಿಟಕಿಯಿಂದ ಕೂಗಿದ. ಇವನು ಕೈ ಬೀಸಿ, ಹೋಗು ಎಂದ.

ಬಿಸಿಲು ಇಳಿದಿತ್ತು. ಕಾಲುವೆಯ ದಾರಿಗೆ ತಿರುಗಿದ. ಮೋರಿಯ ಹತ್ತಿರ ಬಂದಾಗ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ನಿಲ್ಲಿಸಿದ. ಆಮೇಲೆ ಕಟ್ಟೆಯ ಮೇಲೆ ತನ್ನ ಮಾಮೂಲಿ ಜಾಗದಲ್ಲಿ, ಪಕ್ಕದಲ್ಲಿ ಒಬ್ಬರಿಗೆ ಸಾಲುವಷ್ಟು ಜಾಗ ಬಿಟ್ಟು ಕೂತ.