ಕ್ಲಚ್ಚು ಬಿಟ್ಟ ಕಾಲು

"ತಳ್ರೋ ಮುಂಡೇವಾ! ತಿಂದಿದ್ದೆಲ್ಲ ಎಲ್ಲೋಯ್ತು? ಆ ಹೆಂಗಸರನ್ನೂ ಕರೀರಿ, ಸುಮ್ನೆ ನಿಂತ್ಕೊಂಡು ಏನ್ ನೋಡ್ತಿದಾರೆ!"

ಧಣಿ ಲಾರಿಯೊಳಗೆ ನನ್ನ ಪಕ್ಕದಲ್ಲೇ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದ. ಇಳಿದಿದ್ದರೆ ಭಾರ ಅಷ್ಟಾದರೂ ಕಡಿಮೆಯಾಗುತ್ತಿತ್ತು. ಇಳಿಯುವ ಆಸಾಮಿಯಲ್ಲ.

ಇಟ್ಟಿಗೆ ಭಟ್ಟಿಯಲ್ಲಿ ನಮ್ಮ ಪಾಡು ದಿನವೂ ಇದೇ. ಸಂಜೆಯೇ ಲೋಡು ತುಂಬಿ ಲಾರಿಯನ್ನು ಇಳಿಜಾರಿನ ತುದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಬೇಕು. ಬೆಳಿಗ್ಗೆ ಕಲ್ಲು ತೆಗೆದು ಲೋಡಿಂಗಿನವರು ಹಿಂದಿನಿಂದ ತಳ್ಳಬೇಕು. ಲಾರಿ ಉರುಳಿ ವೇಗ ಬಂದ ಮೇಲೆ ಅವರು ಕೈ ತೆಗೆಯುತ್ತಾರೆ, ನಾನು ಕ್ಲಚ್ಚು ಬಿಡುತ್ತೇನೆ, ಇಂಜಿನ್ನು ಕೆಮ್ಮಿಕೊಂಡು ಏಳುತ್ತದೆ. ಕೆಳಗಿನ ಬಯಲಲ್ಲಿ ಅದೇನಾದರೂ ಆರಿಹೋದರೆ ಆ ದಿನದ ಕಥೆ ಮುಗಿಯಿತು.

ಕೀ ತಿರುಗಿಸಿದರೆ ಟಕ್ ಅನ್ನುತ್ತದೆ, ಅಷ್ಟೇ. ಬ್ಯಾಟರಿ ಸತ್ತಿದೆ, ನಾನು ಲೈಟು ಆರಿಸದೆ ಹೋಗುತ್ತೇನೆ ಎಂದು ಧಣಿಯ ವಾದ. ಆದರೆ ಕೀ ತಿರುಗಿಸುವಾಗಲೂ ಹೆಡ್‌ಲೈಟು ಒಂಚೂರೂ ಮಂಕಾಗುವುದಿಲ್ಲ. ಮೊದಮೊದಲು ಕೆಳಗೆ ತೂರಿ ಸ್ಟಾರ್ಟರಿಗೆ ಸ್ಪ್ಯಾನರಿನಲ್ಲಿ ನಾಲ್ಕು ಬಿಟ್ಟರೆ ತಿರುಗುತ್ತಿತ್ತು; ಈಗ ಅದೂ ಇಲ್ಲ. ಕೆಟ್ಟಿರುವುದು ಸ್ಟಾರ್ಟರೇ, ಬೇರೆ ಹಾಕಿಸೋಣ ಎಂದದ್ದಕ್ಕೆ ಧಣಿ ನಕ್ಕಿದ್ದ.

"ಹತ್ತು ಸ್ಟಾರ್ಟರ್ ಸಾಕಿದೀನಲ್ಲೋ ಹಿಂದೆ. ಹನ್ನೊಂದನೇದು ಯಾಕೆ?"

ನಾನೂ ಹಲ್ಲು ಕಿರಿದಿದ್ದೆ. ಆ ಹತ್ತರಲ್ಲಿ ಒಂದು ನನ್ನ ಹೆಂಡತಿ.

ಈಗ ಅವಳು ಕನ್ನಡಿಯಲ್ಲಿ ಕಾಣುತ್ತಿದ್ದಳು. ಬಲಮೂಲೆಯಲ್ಲಿ, ಹಿಂದಿನ ಹಲಗೆಗೆ ಭುಜ ಕೊಟ್ಟು, ಕಾಲು ಊರಿ ತಳ್ಳುತ್ತಿದ್ದಳು. ಲಾರಿ ಮೆಲ್ಲಗೆ ಅಲುಗಾಡಿ ಉರುಳತೊಡಗಿತು.

"ಬಿಡೋ ಕ್ಲಚ್ಚು, ಬೋಳಿಮಗನೇ! ಬಿಡು!"

ವೇಗ ಬಂದಿರಲಿಲ್ಲ. ಹಿಂದಿನವರು ಕೈ ತೆಗೆದಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಧಣಿಯ ಕೂಗಿಗೆ ನನ್ನ ಕಾಲು ನನ್ನನ್ನು ಕೇಳದೆ ಮೇಲೆದ್ದಿತು. ಲಾರಿ ಗಕ್ಕನೆ ಹಿಡಿದು ನಿಂತಂತಾಗಿ ಮತ್ತೆ ಮುಂದಕ್ಕೆ ನುಗ್ಗಿತು. ಹಿಂದೆ ಯಾರೋ ಚೀರಿದರು. ಕನ್ನಡಿ ನೋಡಿದರೆ ಅವಳು ಕೆಂಪು ಧೂಳಿನಲ್ಲಿ ಕೂತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

"ನಿಲ್ಲಿಸಿಗಿಲ್ಲಿಸೀಯ! ಆರೋಗತ್ತೆ. ಹೊಡಿ, ಹೊಡಿ."

ನಾನು ಹೊಡೆದುಕೊಂಡು ಹೋದೆ.

ಸಂಜೆ ಮನೆಗೆ ಬಂದಾಗ ಅವಳು ಉಪ್ಪುನೀರು ಮುಕ್ಕಳಿಸುತ್ತಿದ್ದಳು. ತುಟಿ ಊದಿ ಮುಖವೇ ಬೇರೆಯವರದಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಲೋಟದಲ್ಲಿ ಎರಡು ಹಲ್ಲು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದೆ.

"ಕನ್ನಡಿಲಿ ನಾನು ಕಾಣ್ತಿದ್ನಾ?" ಎಂದಳು.

ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು. "ಕಾಣ್ತಿದ್ದೆ."

"ಹೂಂ."

ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಬೈದಿದ್ದರೆ, ಲೋಟ ಎತ್ತಿ ಮುಖಕ್ಕೆ ಎಸೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುದಿನ ಭಟ್ಟಿಗೆ ರಜೆ. ಗುಜರಿ ರಾಶಿಯ ನಡುವೆ ಕೂರುವ ಮೆಕ್ಯಾನಿಕ್ಕನ್ನು ಕರೆತಂದೆ. ದಪ್ಪ ಕನ್ನಡಕದ ಮುದುಕ. ಎಲ್ಲರ ಬಾಯಲ್ಲೂ ಚಾಳೀಸಜ್ಜ. ಲಾರಿಯ ಕೆಳಗೆ ತೂರಿ, ಸ್ಟಾರ್ಟರಿನ ಎರಡು ಬೋಲ್ಟಿಗೆ ಅಡ್ಡಲಾಗಿ ಸ್ಕ್ರೂಡ್ರೈವರ್ ಇಟ್ಟ. ಚಟಚಟ ಕಿಡಿ ಹಾರಿತು. ಮೋಟಾರು ಮಿಸುಕಲಿಲ್ಲ.

"ಬ್ಯಾಟರಿ ಗುಂಡುಕಲ್ಲಿನ ಹಾಗಿದೆ ಕಣೋ. ಇದರ ಬ್ರಷ್ಷೆಲ್ಲ ಸವೆದು, ಒಳಗೆ ಸುಟ್ಟು ಕರಕಲಾಗಿದೆ. ಹೆಣಕ್ಕೆ ಎಷ್ಟು ದಿನ ಗುದ್ದಿದ್ಯೋ, ಪಾಪಿ?"

ಗುಜರಿಗೆ ಬಂದ ಇಂಥದೇ ಲಾರಿಯ ಸ್ಟಾರ್ಟರು ಅವನ ಹತ್ತಿರ ಇತ್ತು.

"ಕೊಡ್ತೀನಿ. ನಂಗೇನ್ ಕೊಡ್ತೀಯಾ?"

"ಸ್ಟೆಪ್ನಿ ಬಿಚ್ಕೋ ಅಜ್ಜ."

"ಟೈರು ಧಣಿದಲ್ವೇನೋ?"

"ಸ್ಟಾರ್ಟರು ಯಾರಪ್ಪಂದು ಮತ್ತೆ?"

ಅಜ್ಜ ನಗುತ್ತಾ ಸ್ಟಾರ್ಟರು ತಂದುಕೊಟ್ಟು, ಟೈರು ಉರುಳಿಸಿಕೊಂಡು ಹೋದ. ಬ್ಯಾಟರಿಯ ವೈರು ಕಳಚಿ, ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡಿ ಹಳೆಯದನ್ನು ಇಳಿಸಿದೆ. ಅಜ್ಜ ಕೊಟ್ಟದ್ದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದರಲ್ಲಿ ಬೋಲ್ಟು ಕೂರಿಸಲು ಹೋದರೆ ಅದು ಜಾರುತ್ತಿತ್ತು. ಆಗ ಪಕ್ಕದಿಂದ ಎರಡು ಕೈ ಬಂದು ಭಾರ ಹೊತ್ತವು.

ಹೆಂಡತಿ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ನನ್ನ ಪಕ್ಕ ಅಂಗಾತ ಮಲಗಿ, ಬೋಲ್ಟು ಬಿಗಿಯಾಗುವವರೆಗೂ ಆ ಕಬ್ಬಿಣದ ಮುದ್ದೆಯನ್ನು ಎತ್ತಿ ಹಿಡಿದಳು.

ವೈರು ಜೋಡಿಸಿ ಕೀ ತಿರುಗಿಸಿದೆ. ಒಂದೇ ಏಟಿಗೆ ಇಂಜಿನ್ನು ಗುಡುಗಿತು.

"ಇಷ್ಟೇನಾ?" ಎಂದಳು. ಮಾತು ಹಲ್ಲಿನ ಸಂದಿಯಲ್ಲಿ ಸೋರಿಹೋಯಿತು. "ಇಷ್ಟಕ್ಕಾ ನಾವೆಲ್ಲ ತಳ್ಳಿದ್ದು?"

ನಾನು ಇಂಜಿನ್ನು ಆರಿಸಿದೆ.

ರಜೆ ಮುಗಿದ ಬೆಳಿಗ್ಗೆ ಧಣಿ ಲಾರಿ ಹತ್ತಿ ಎಂದಿನಂತೆ ಕೂಗಿದ. ಲೋಡಿಂಗಿನವರು ಇಟ್ಟಿಗೆ ರಾಶಿಯ ಮೇಲೆ ಸಾಲಾಗಿ ಕೂತಿದ್ದರು. ಒಬ್ಬರೂ ಏಳಲಿಲ್ಲ. ಸ್ಟಾರ್ಟರಿನ ಸುದ್ದಿ ಅವರಿಗೆಲ್ಲ ಹೆಂಡತಿ ಮುಟ್ಟಿಸಿದ್ದಳು, ಗೊತ್ತಿಲ್ಲದವನು ಧಣಿಯೊಬ್ಬನೇ.

"ಏನ್ರೋ, ಸೊಂಟ ಬಿದ್ದೋಯ್ತಾ ನಿಮಗೆ?"

ಅವನ ಫೋನು ಬಡಿದುಕೊಳ್ಳುತ್ತಿತ್ತು. ಇಟ್ಟಿಗೆಗೆ ಕಾದವರು ಆ ಕಡೆಯಿಂದ ಅವನ ಜನ್ಮ ಜಾಲಾಡುತ್ತಿದ್ದರು.

"ಯಾರೂ ತಳ್ಳಲ್ವಂತೆ ಧಣಿ," ಎಂದೆ. "ಇಳಿಜಾರಲ್ವಾ? ನೀವೇ ಒಂದ್ ಕೈ ಕೊಟ್ರೆ ಆಗೋಗುತ್ತೆ."

ಎಲ್ಲರ ಅಮ್ಮಂದಿರನ್ನೂ ನೆನೆಸಿಕೊಂಡು, ಸಂಜೆಯೊಳಗೆ ಒಬ್ಬೊಬ್ಬರನ್ನೂ ಒದ್ದು ಓಡಿಸುತ್ತೇನೆಂದು ಧಣಿ ಇಳಿದ. ತಾನೇ ಕಲ್ಲು ತೆಗೆದು, ಹಿಂದೆ ಹೋಗಿ ಬಲಮೂಲೆಗೆ ಭುಜ ಕೊಟ್ಟ. ಅವಳು ನಿಂತಿದ್ದ ಜಾಗವೇ. ಕನ್ನಡಿಯಲ್ಲಿ ಅವನ ಕತ್ತಿನ ನರ ಉಬ್ಬುವುದು ಕಾಣುತ್ತಿತ್ತು. ನನ್ನ ಒಂದು ಕಾಲು ಕ್ಲಚ್ಚಿನ ಮೇಲೆ, ಇನ್ನೊಂದು ಬ್ರೇಕಿನ ಮೇಲೆ.

"ಜೋರಾಗ್ ತಳ್ಳಿ ಧಣಿ! ತಿಂದಿದ್ದೆಲ್ಲ ಎಲ್ಲೋಯ್ತು?"

ರಾಶಿಯ ಮೇಲಿಂದ ಹೆಂಡತಿ ಇಳಿದು ಬಂದಳು. ಬಾಗಿಲು ತೆಗೆದು ಧಣಿಯ ಸೀಟಿನಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಅವಳು ಈ ಲಾರಿಯೊಳಗೆ ಕೂತದ್ದೇ ಇಲ್ಲ. ಕೈ ಚಾಚಿ ಕೀ ತಿರುಗಿಸಿದಳು. ಇಂಜಿನ್ನು ಎದ್ದಿತು.

"ಬಿಡು ಕ್ಲಚ್ಚು," ಎಂದಳು.

ಬಿಟ್ಟೆ.

ಹಿಂದೆ ಧಣಿ ಅರಚಿದ. ನೋಡಿದರೆ ಕೆಂಪು ಧೂಳಿನಲ್ಲಿ ಬೋರಲು ಬಿದ್ದಿದ್ದ.

"ಕಾಣ್ತಿದಾನಾ?" ಎಂದಳು, ರಸ್ತೆಯ ಮೇಲಿಂದ ಕಣ್ಣು ಕೀಳದೆ.

"ಕಾಣ್ತಿದಾನೆ."

"ಹೂಂ."

ಬಾಯಿಗೆ ಕಟ್ಟಿದ ಬಟ್ಟೆಯನ್ನು ಅವಳು ಬಿಚ್ಚಲಿಲ್ಲ. ಈ ಸಲವೂ ನಾನು ಲಾರಿ ನಿಲ್ಲಿಸಲಿಲ್ಲ. ಆದರೂ ಅವಳ ಮುಖ ನೋಡುವ ಮುಖ ನನಗಿರಲಿಲ್ಲ.