ಕಣದ ಮೇಲೊಂದು ಹಸಿರು ಚುಕ್ಕಿ

ಇದನ್ನು ಮೈದಾನ ಎನ್ನಬಹುದೇ? ಎನ್ನಬಾರದು ಎಂದಾದರೆ ಈ ಹುಡುಗಿಯರು ಆಡುತ್ತಿರುವುದು ಎಲ್ಲಿ? ಎಲ್ಲಿಯೂ ಅಲ್ಲ ಎಂದು ಬರೆಯುವುದೇ? ಮಾರುತೇಶ್ ಟ್ಯಾಬಿನ ಮೇಲೆ ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ. ಎದುರಿಗಿದ್ದದ್ದು ಅಂಜನಪ್ಪನ ಕಣ. ತಲೆಮಾರುಗಳಿಂದ ಎತ್ತು ತುಳಿದು, ರೋಣಗಲ್ಲು ಉರುಳಿ, ಸಗಣಿ ಬಳಿದು ಬಳಿದು ಕಲ್ಲಿನಂತಾದ ನೆಲ. ಅದರ ಮೇಲೆ ಮೇಗಳಹಟ್ಟಿಯ ಹೆಣ್ಣುಮಕ್ಕಳು ಬರಿಗಾಲಲ್ಲಿ ಖೋ ಖೋ ಆಡುತ್ತಿದ್ದರು.

ಮಾರುತೇಶ್ ಹಿರಿಯೂರಿನವನು. ಭೂಗೋಳದಲ್ಲಿ ಎಂ.ಎ. ಮಾಡಿ, ಕೆಲವು ವರ್ಷ ಮನೆಯಲ್ಲಿ ಖಾಲಿ ಕೂತು, ಕೊನೆಗೆ ಜಿಲ್ಲೆಯ ಕ್ರೀಡಾ ನಕ್ಷೆ ಮಾಡುವ ತಂಡದಲ್ಲಿ ಗುತ್ತಿಗೆಯ ಕೆಲಸ ಹಿಡಿದಿದ್ದ. ಅವನ ಪಾಲಿಗೆ ಬಂದದ್ದು ಹೊಳಲ್ಕೆರೆ ತಾಲ್ಲೂಕು. ಊರೂರು ಸುತ್ತಿ ಎಲ್ಲಿ ಮೈದಾನವಿದೆ, ಯಾರು ಏನು ಆಡುತ್ತಾರೆ ಎಂದು ನೋಡಿ ನಕ್ಷೆಯ ಮೇಲೆ ಚುಕ್ಕಿ ಇಡಬೇಕು. ಆಮೇಲೆ ಆ ನಕ್ಷೆಯನ್ನು ಯಾರು ಬೇಕಾದರೂ ಫೋನಿನಲ್ಲಿ ತೆರೆಯಬಹುದು. ತಾಲ್ಲೂಕು ಒತ್ತಿದರೆ ಊರುಗಳು, ಊರು ಒತ್ತಿದರೆ ಚುಕ್ಕಿಗಳು, ಚುಕ್ಕಿ ಒತ್ತಿದರೆ ಜಾಗದ ಫೋಟೊ ಮತ್ತು ಆಡುವವರ ಸಂಖ್ಯೆ.

ತೊಡಕಿದ್ದದ್ದು ಒಂದೇ ಕಡೆ. ಆಡುವವರನ್ನು ಬರೆಯಬೇಕಾದರೆ ಮೊದಲು ಮೈದಾನ ಬರೆಯಬೇಕು. ಮೈದಾನವಿಲ್ಲ ಎಂದು ಒತ್ತಿದರೆ ಆಟಗಾರರ ಖಾನೆ ತೆರೆಯುವುದೇ ಇಲ್ಲ. ಖಾಸಗಿ ಜಾಗ ಎಂದರೂ ತೆರೆಯುವುದಿಲ್ಲ. ಮೈದಾನವಿಲ್ಲದೆಯೂ ಆಡುವವರಿರುತ್ತಾರೆ ಎಂಬುದು ಟ್ಯಾಬಿನ ಆ ಆ್ಯಪ್ ಮಾಡಿದವರಿಗೆ ಹೊಳೆದಿರಲಿಲ್ಲ.

ಅವನು ಅಷ್ಟು ದಿನ ನೋಡಿದ್ದು ಬರೀ ಮೈದಾನಗಳನ್ನು. ಬೀಗ ಜಡಿದ ಗೇಟುಗಳು, ಸೀಮೆಜಾಲಿ ಬೆಳೆದ ಅಂಗಳಗಳು, ಕಬಡ್ಡಿ ಅಂಕಣದಲ್ಲಿ ಒಣಗಲು ಹರವಿದ ಮೆಕ್ಕೆಜೋಳ. ಆಡುವವರನ್ನು ಕಂಡದ್ದು ಇಲ್ಲಿ ಮಾತ್ರ. ಮೇಘಶ್ರೀ ಎಂಬ ಹತ್ತನೇ ತರಗತಿಯ ಹುಡುಗಿ ಓಡುತ್ತಿದ್ದಳು. ಅಟ್ಟಿಸಿಕೊಂಡು ಬಂದವಳ ಕೈ ಇನ್ನೇನು ಬೆನ್ನಿಗೆ ತಾಗಿತು ಎನ್ನುವಾಗ ಸೊಂಟ ಹೊರಳಿಸಿ ಸಾಲಿನ ಆಚೆಗೆ ಹೋಗಿಬಿಡುತ್ತಿದ್ದಳು. ಕೈ ಗಾಳಿಯಲ್ಲಿ ಉಳಿಯುತ್ತಿತ್ತು.

ಅಂಜನಪ್ಪ ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದ. ಎಪ್ಪತ್ತು ದಾಟಿದ, ಒಣಗಿದ ಕಟ್ಟಿಗೆಯಂಥ ಮುದುಕ. ಮೊದಲ ಮಾತಿಗೇ ಚಪ್ಪಲಿ ಬಿಡಿಸಿದ. ಆಮೇಲೆ ಕಣದ ಕಥೆ ಹೇಳಿದ. ಒಕ್ಕಣೆಯ ಯಂತ್ರ ಬಂದ ಮೇಲೆ ಊರಿನವರೆಲ್ಲ ಕಣ ಉತ್ತು ಹೊಲಕ್ಕೆ ಸೇರಿಸಿಕೊಂಡರು, ಯಂತ್ರ ಸಿಗದವರು ಟಾರು ರೋಡಿನ ಮೇಲೆ ರಾಗಿ ಹರವಿ ಬಸ್ಸಿನ ಕೈಲಿ ತುಳಿಸಿದರು, ಇದೊಂದು ಉಳಿಯಿತು. ಒಕ್ಕಣೆ ಮುಗಿದೊಡನೆ ಅವನು ಎತ್ತು ಕಟ್ಟುವ ನಡುವಿನ ಮೇಟಿಗಂಬವನ್ನು ಕಿತ್ತು ಒಂದು ತುದಿಗೆ ನೆಡುತ್ತಿದ್ದ, ಇನ್ನೊಂದು ತುದಿಗೆ ಒಂದು ಬೇವಿನ ಗಳ. ಹುಡುಗಿಯರ ಖೋ ಖೋ ಕಂಬಗಳು ಅವು. ಮೇಟಿ ಕದಲಿಸಬಾರದು, ಹೆಣ್ಣುಮಕ್ಕಳು ಕಣ ತುಳಿಯಬಾರದು ಎಂದು ಊರಿನ ಹಿರಿಯರು ಬೈದಿದ್ದರಂತೆ.

"ಹೆಣ್ ಹುಡ್ರು ತುಳುದ್ರೆ ಕಣಕ್ಕೇನು ಮೈಲಿಗೆ? ಲಕ್ಷ್ಮಿ ತುಳುದಂಗಲ್ವಾ ಅಂದೆ" ಎಂದು ಅಂಜನಪ್ಪ ನಕ್ಕ.

ಇದೆಲ್ಲ ಯಾಕೆ ಬರೆಯುತ್ತೀರಿ ಎಂದು ಅವನು ಕೇಳಿದಾಗ ಮಾರುತೇಶ್, ಇಲ್ಲಿ ಇಷ್ಟು ಹುಡುಗಿಯರು ಆಡುತ್ತಾರೆಂದು ಜಿಲ್ಲೆಗೆಲ್ಲ ಕಾಣಲಿ ಎಂದ. ಮುದುಕ ಹುಡುಗಿಯರ ಕಡೆ ತಿರುಗಿ ನೋಡಿದ. ಹುಡುಗಿಯರು ದೂರದಲ್ಲಿ ಕೂಗಾಡುತ್ತಿದ್ದರು, ಈ ಮಾತು ಅವರಿಗೆ ಕೇಳುವಂತಿರಲಿಲ್ಲ.

"ಕಾಣ್ಲಿ ಬಿಡ್ರಿ, ಒಳ್ಳೇದೇ. ಆದ್ರೆ ಕಣನ ಮೈದಾನ ಅಂತ ಬರಿಬ್ಯಾಡ್ರಿ ಸಾರ್. ಮೈದಾನ ಇಲ್ಲ ಅಂತ್ಲೇ ಅಲ್ವಾ ಈ ಹುಡ್ರು ಅರ್ಜಿ ಕೊಟ್ಕಂಡು ತಿರುಗ್ತಿರೋದು. ಐತೆ ಅಂತ ನೀವು ಬರುದ್ರೆ ಯಾರು ಕೊಡ್ತಾರೆ?"

"ಹೆಸರಿಗಷ್ಟೇ ಅಜ್ಜಾ. ಏನೂ ಆಗಲ್ಲ" ಎಂದ ಮಾರುತೇಶ್.

ಅವನು 'ಸಾರ್ವಜನಿಕ ಮೈದಾನ' ಎಂದು ಒತ್ತಿದ. ಖಾನೆ ತೆರೆಯಿತು. ಹುಡುಗಿಯರನ್ನು ಬರೆದ. ಸ್ಥಳೀಯ ಮಾಹಿತಿದಾರರು ಎಂದು ಕೇಳಿದಲ್ಲಿ ಅಂಜನಪ್ಪನ ಹೆಸರು ಹಾಕಿದ. ಜಾಗದ ಫೋಟೊ ಕೇಳಿತು. ಮೇಟಿಗಂಬ ಹಿಡಿದು ನಿಂತ ಮುದುಕನನ್ನೇ ತೆಗೆದ. ಹಸಿರು ಚುಕ್ಕಿ ಮೂಡಿದಾಗ ಹುಡುಗಿಯರು ಓಡಿಬಂದು ಮುತ್ತಿಕೊಂಡು ಒಬ್ಬೊಬ್ಬಳೂ ಒಮ್ಮೊಮ್ಮೆ ಒತ್ತಿ ನೋಡಿದರು. ಅಜ್ಜ ಸಿನಿಮಾದಲ್ಲಿ ಬಂದಂಗೆ ಐತೆ ಎಂದು ಮೇಘಶ್ರೀ ಅವನನ್ನು ರೇಗಿಸಿದಳು. ಮಾರುತೇಶನಿಗೆ ಅಂದು ತಾನು ಮೊದಲ ಸಲ ಒಂದು ಒಳ್ಳೆಯ ಕೆಲಸ ಮಾಡಿದೆ ಎನ್ನಿಸಿತು.

ಮುಂಗಾರು ಹಿಡಿಯುವ ಹೊತ್ತಿಗೆ ಚಿತ್ರದುರ್ಗದ ಕಚೇರಿಯಲ್ಲಿ ಸಭೆ ಸೇರಿತು. ಗೋಡೆಯ ತುಂಬ ನಕ್ಷೆ. ತಂಡದ ಮುಖ್ಯಸ್ಥೆ ಆಶಾರಾಣಿ ಹೊಸ ಯೋಜನೆಯನ್ನು ವಿವರಿಸಿದರು. ತಾಲ್ಲೂಕಿಗೊಂದು ಹೊಸ ಮೈದಾನ, ಅಲ್ಲಿಗೊಬ್ಬ ತರಬೇತುದಾರ, ಅಲ್ಲಿ ಹೆಸರು ಬರೆಸಿ ದಿನವೂ ಬಂದು ಆಡುವ ಮಕ್ಕಳಿಗೆ ಮಾತ್ರ ಕ್ರೀಡಾ ಹಾಸ್ಟೆಲಿನ ಆಯ್ಕೆ. ಎಲ್ಲಿ ಎಂಬುದನ್ನು ನಕ್ಷೆಯೇ ಹೇಳುತ್ತದೆ ಎಂದು ಅವರು ಒಂದು ಗುಂಡಿ ಒತ್ತಿದರು. ಹಸಿರು ಚುಕ್ಕಿಗಳ ಸುತ್ತ ವೃತ್ತಗಳು ಮೂಡಿದವು. ವೃತ್ತದೊಳಗಿನ ಊರಿಗೆ ಸೌಲಭ್ಯ ಇದೆ ಎಂದರ್ಥ, ಹೊರಗಿನದು ಕೆಂಪು. ಮೇಗಳಹಟ್ಟಿ ತನ್ನ ವೃತ್ತದ ನಟ್ಟನಡುವೆ ಹಸಿರಾಗಿ ಕೂತಿತ್ತು. ಹೊಳಲ್ಕೆರೆ ತಾಲ್ಲೂಕಿನ ಮೈದಾನ ಹೋದದ್ದು ಹೊಸದುರ್ಗದ ರಸ್ತೆಯ ಒಂದು ಊರಿಗೆ, ಮೇಗಳಹಟ್ಟಿಯಿಂದ ದಿನವೂ ಹೋಗಿಬರಲಾಗದಷ್ಟು ದೂರಕ್ಕೆ. ಅಲ್ಲಿ ಯಾರೂ ಏನೂ ಆಡುತ್ತಿರಲಿಲ್ಲ. ಆ ಊರಿನಲ್ಲಿ ಮೈದಾನವಿಲ್ಲ ಎಂದು ಒತ್ತಿದ್ದವನೂ ಮಾರುತೇಶನೇ.

ಅವನ ಕೈ ಮೇಜಿನಿಂದ ಒಂದು ಗೇಣು ಮೇಲೆದ್ದಿತು. ಅಷ್ಟರಲ್ಲಿ ಆಶಾರಾಣಿ ಹಿರಿಯೂರಿನ ಕಡೆಯ ಒಂದು ಚುಕ್ಕಿ ಒತ್ತಿದರು. ಅದು ತಂಡದ ಇನ್ನೊಬ್ಬ ಹುಡುಗ ಪ್ರದೀಪ್ ಇಟ್ಟದ್ದು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುವುದನ್ನು ಕಂಡು ಅವನೂ ಮೈದಾನ ಎಂದು ಬರೆದಿದ್ದ. ಮೊನ್ನೆಯ ಮಳೆಗೆ ಕೆರೆಗೆ ನೀರು ಬಂದಿತ್ತು.

ಆಶಾರಾಣಿ ಪ್ರದೀಪನನ್ನು ಗೋಡೆಯ ಹತ್ತಿರ ಕರೆದು ಆ ಚುಕ್ಕಿಯ ಮೇಲೆ ಬೆರಳಿಡಲು ಹೇಳಿದರು. "ಇಲ್ಲಿ ಯಾವ ಆಟ ಆಡಿಸ್ತೀರಾ ಪ್ರದೀಪ್? ಈಜಾ?"

ಎಲ್ಲರೂ ನಕ್ಕರು. ಪ್ರದೀಪನೂ ನಗಲು ನೋಡಿದ. ಬೆರಳು ತೆಗೆಯಬೇಡಿ, ಎಲ್ಲರಿಗೂ ಕಾಣಿಸಲಿ ಎಂದು ಆಶಾರಾಣಿ ಮೆತ್ತಗೆ ಹೇಳಿ ಸಭೆ ಮುಂದುವರಿಸಿದರು. ಚಹಾ ಬಂತು, ಬಿಸ್ಕತ್ತು ಬಂತು. ಅವನು ಗೋಡೆಗೆ ಬೆರಳಿಟ್ಟುಕೊಂಡೇ ನಿಂತಿದ್ದ. ನಿಲ್ಲುವ ಕಾಲು ಬದಲಿಸಿದಾಗಲೆಲ್ಲ ಯಾರಾದರೊಬ್ಬರು, ಮುಳುಗೀಯಪ್ಪಾ ಹುಷಾರು, ಎನ್ನುತ್ತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಮಾರುತೇಶ್. ಆ ನಗು ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ.

ಕೊನೆಯಲ್ಲಿ ಆಶಾರಾಣಿ, ಇಂಥ ಚುಕ್ಕಿ ಇನ್ನು ಯಾರದಾದರೂ ಇದ್ದರೆ ಈಗಲೇ ಹೇಳಿಬಿಡಿ ಎಂದರು. ಮಾರುತೇಶ್ ಚಹಾದ ಲೋಟದ ತಳ ನೋಡಿದ. ಮರುವಾರ ಪ್ರದೀಪ್ ಕೆಲಸಕ್ಕೆ ಬರಲಿಲ್ಲ, ತಂಡದ ಗ್ರೂಪಿನಲ್ಲಿ ಅವನ ನಂಬರೂ ಇರಲಿಲ್ಲ.

ನಕ್ಷೆ ಎಲ್ಲರ ಫೋನಿಗೂ ಬಂತು. ಕಣವನ್ನು ಮೈದಾನ ಎಂದು ಬರೆದು ಊರಿಗೆ ಮೈದಾನ ತಪ್ಪಿಸಿದರೆಂಬ ಮೇಗಳಹಟ್ಟಿಯ ತಕರಾರು ಕಚೇರಿಗೆ ಮುಟ್ಟಿ, ಊರಿಗೆ ಹೋಗಿ ವಿಚಾರಿಸಿ ಬನ್ನಿ ಎಂದು ಮಾರುತೇಶನನ್ನೇ ಕಳಿಸಿದರು. ಶಾಲೆಯ ಜಗಲಿಯ ಮೇಲೆ ಜನ ಸೇರಿದ್ದರು. ಪಂಚಾಯಿತಿ ಸದಸ್ಯ ರಾಜಕುಮಾರ್ ಮಾತಿನ ಮಲ್ಲ. ಆ ಕಣದ ಜಾಗದಲ್ಲಿ ಸಾಲಂಗಡಿ ಕಟ್ಟಬೇಕೆಂದು ಕೇಳಿ, ಅಂಜನಪ್ಪ ಕೊಡದೆ ಹೋಗಿ, ಅಂದಿನಿಂದ ಹೊಟ್ಟೆಯಲ್ಲಿ ಹಗೆ ಇಟ್ಟುಕೊಂಡವನು. ಫೋನಿನಲ್ಲಿ ಚುಕ್ಕಿ ಒತ್ತಿ ಹಿಡಿದು ಒಬ್ಬೊಬ್ಬರ ಮುಖದ ಮುಂದೂ ತಂದ. ಸಾರ್ವಜನಿಕ ಮೈದಾನ. ಮಾಹಿತಿ ಕೊಟ್ಟವರು ಅಂಜನಪ್ಪ. ಕೆಳಗೆ ಹಲ್ಲು ಬಿಟ್ಟುಕೊಂಡು ಕಂಬ ಹಿಡಿದು ನಿಂತ ಅಂಜನಪ್ಪ.

ಕಣ ಸರ್ಕಾರಕ್ಕೆ ತೋರಿಸಿ ದುಡ್ಡು ಹೊಡೆಯಲು ನೋಡಿದ್ದಾನೆ ಎಂದು ಒಬ್ಬರು, ಹೆಸರು ಕಲ್ಲಿನಲ್ಲಿ ಕೆತ್ತಿಸಿಕೊಳ್ಳಲು ನೋಡಿದ್ದಾನೆ ಎಂದು ಇನ್ನೊಬ್ಬರು. ನಾನು ಬೇಡ ಅಂದಿದ್ದೆ ಎಂದು ಅಂಜನಪ್ಪ ಹೇಳಿದ. ಯಾರೂ ನಂಬಲಿಲ್ಲ. ನೀನು ಬೇಡ ಅಂದರೂ ನಿನ್ನ ಫೋಟೊ ತಾನೇ ಹೋಗಿ ಕೂತುಕೊಂಡಿತೇ ಎಂದು ರಾಜಕುಮಾರ್ ಕೇಳಿದಾಗ ಜಗಲಿಯೆಲ್ಲ ನಕ್ಕಿತು. ಅಂಜನಪ್ಪನಿಗೆ ಸಿಟ್ಟು ಬಂದಂತಿರಲಿಲ್ಲ. ಇದು ಈಗಲೇ ಬಗೆಹರಿಯುತ್ತದೆ ಎಂಬ ನೆಮ್ಮದಿ ಅವನ ಮುಖದಲ್ಲಿತ್ತು.

"ಸಾರ್ ಇಲ್ಲೇ ಅವ್ರಲ್ಲ, ಅವ್ರನ್ನೇ ಕೇಳ್ರಪ್ಪ" ಎಂದ.

ಕೇಳಿದವಳು ಮೇಘಶ್ರೀ. ಮುಂದಿನ ವರ್ಷ ಆಯ್ಕೆಯ ವಯಸ್ಸು ಮೀರುತ್ತಿತ್ತು. ಈ ವರ್ಷ ತಪ್ಪಿದರೆ ಅವಳಿಗೆ ಆಟ ಮುಗಿದ ಹಾಗೆಯೇ. ಅವಳ ಕಣ್ಣು ಅತ್ತು ಊದಿತ್ತು. "ಅಜ್ಜ ಬರ್ಸಿದ್ದಾ ಸಾರ್, ನೀವಾಗೇ ಬರುದ್ರಾ?"

ಮಾರುತೇಶನಿಗೆ ಗೋಡೆಯ ಮೇಲಿನ ಪ್ರದೀಪನ ಬೆರಳು ಕಂಡಿತು. "ಸ್ಥಳೀಯರು ಕೊಟ್ಟ ಮಾಹಿತಿನ ನಾವು ದಾಖಲು ಮಾಡ್ತೀವಮ್ಮ" ಎಂದ. ಇದರಲ್ಲಿ ಸುಳ್ಳಿನ ಒಂದು ಪದವೂ ಇಲ್ಲ ಎಂದು ಅವನಿಗೆ ಆ ಕ್ಷಣದಲ್ಲೇ ಹೊಳೆದು ಒಂದು ಬಗೆಯ ಸಮಾಧಾನವಾಯಿತು.

ಅಂಜನಪ್ಪ ಅವನನ್ನೇ ನೋಡಿದ. ಇನ್ನೊಂದು ಮಾತು ಬರುತ್ತದೆ ಎಂದು ಕಾಯುವವನಂತೆ ಬಾಯಿ ಸ್ವಲ್ಪ ತೆರೆದೇ ಇತ್ತು. ಬರಲಿಲ್ಲ.

"ನಿನ್ ಫೋಟೊ ಬರ್ಲಿ ಅಂತ ನಮ್ ಕಾಲು ಮುರುದ್ಯಲ್ಲ ಅಜ್ಜಾ" ಎಂದಳು ಮೇಘಶ್ರೀ. ಕೂಗಲಿಲ್ಲ, ಎಲ್ಲರಿಗೂ ಕೇಳುವಷ್ಟೇ ಹೇಳಿದಳು. ಮತ್ತೆ ಹುಡುಗಿಯರ ಕಡೆ ತಿರುಗಿ, "ನಡೀರೇ, ಹೋಗಾಣ" ಎಂದಳು.

ಅಂದಿನಿಂದ ಅವರು ಕಣಕ್ಕೆ ಕಾಲಿಡಲಿಲ್ಲ. ಬೇರೆಯವರು ಇಟ್ಟರು. ಸಾರ್ವಜನಿಕ ಮೈದಾನವಲ್ಲವೇ ಎಂದು ರಾಜಕುಮಾರನ ಕಡೆಯವರು ಅಲ್ಲಿ ಬೈಕು ತಿರುಗಿಸಿದರು, ಟ್ರಾಲಿ ತಂದು ನಿಲ್ಲಿಸಿದರು, ರಾತ್ರಿ ಕುಡಿದು ಬಾಟಲಿ ಒಡೆದರು. ಅಂಜನಪ್ಪನ ಹೆಂಡತಿ ಓಬಮ್ಮ ಬೆಳಿಗ್ಗೆ ಗಾಜು ಆರಿಸುತ್ತಿದ್ದರೆ ನೀರಿಗೆ ಹೋಗುವ ಹೆಂಗಸರು, ಫೋಟೊ ಚೆನ್ನಾಗೈತೆ ಕಣಕ್ಕಾ, ಎಂದು ಕೇಳಿಸುವಂತೆ ಹೇಳಿ ಹೋಗುತ್ತಿದ್ದರು. ಇದನ್ನೆಲ್ಲ ಮಾರುತೇಶನಿಗೆ ಫೋನಿನಲ್ಲಿ ಹೇಳಿದವನು ಅಂಜನಪ್ಪನೇ. ಮೂರು ಸಲ ಮಾಡಿದ್ದ. ಬಂದು ಒಂದು ಮಾತು ಹೇಳಿ ಹೋಗಿ, ಹುಡುಗಿಯರಿಗೆ ಹೇಳಿದರೆ ಸಾಕು, ಉಳಿದವರು ಏನಾದರೂ ಅಂದುಕೊಳ್ಳಲಿ ಎಂದಿದ್ದ. ನಾಲ್ಕನೆಯ ಸಲ ಮಾರುತೇಶ್ ಫೋನು ಎತ್ತಲಿಲ್ಲ.

ಶ್ರಾವಣದಲ್ಲಿ ಅವನು ಮತ್ತೆ ಆ ಊರಿಗೆ ಹೋದದ್ದು ಚುಕ್ಕಿಗಳ ಫೋಟೊ ಹೊಸದು ಮಾಡುವ ಕೆಲಸದ ಮೇಲೆ. ಕಣದಲ್ಲಿ ಟ್ರ್ಯಾಕ್ಟರಿತ್ತು, ಬೈಕು ಬಾಟಲಿಗಳ ಕಾಟಕ್ಕೆ ಬೇಸತ್ತು ಅಂಜನಪ್ಪನೇ ಉಳಲು ಕರೆಸಿದ್ದು. ನೇಗಿಲು ನೆಲಕ್ಕಿಳಿಯದೆ ಜಾರುತ್ತಿತ್ತು, ಚಾಲಕ ಬೈಯುತ್ತ ಹಿಂದೆ ಮುಂದೆ ಮಾಡುತ್ತಿದ್ದ. ಆಮೇಲೆ ಒಂದು ಮೂಲೆಯಲ್ಲಿ ನೆಲ ಬಿರಿಯಿತು. ಅಗಲವಾದ ಹೆಂಟೆಗಳು ಮೇಲೆದ್ದವು, ಒಂದೊಂದರ ಅಂಚಿನಲ್ಲೂ ವರ್ಷವರ್ಷದ ಸಗಣಿಯ ಪದರ ಕಾಣುವಂತೆ. ಓಬಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಮನೆಯೊಳಗೆ ಹೋದಳು.

ಶಾಲೆಯ ಗೋಡೆಯ ಪಕ್ಕ ಹುಡುಗಿಯರು ಸಾಲಾಗಿ ನಿಂತು ನೋಡುತ್ತಿದ್ದರು. ಮೇಘಶ್ರೀಯ ಮುಖದಲ್ಲಿ ಏನೂ ಇರಲಿಲ್ಲ.

ಅಂಜನಪ್ಪ ಮಾರುತೇಶನನ್ನು ಕಂಡು ನಿಧಾನವಾಗಿ ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾರುತೇಶನಿಗೆ ಅನ್ನಿಸಿತು.

"ಕಣ ಹೋಯ್ತು ಬಿಡ್ರಿ, ಅದ್ರ ಆಯಸ್ಸೇ ಅಷ್ಟು" ಎಂದ ಅಂಜನಪ್ಪ. "ನೋಡ್ರಿ, ಹುಡ್ರು ಅಲ್ಲೇ ಅವೆ. ಕೂಗುದ್ರೆ ಬರ್ತಾವೆ. ಈಗ್ಲಾದ್ರೂ ಒಂದ್ ಮಾತು ಹೇಳ್ರಿ ಸಾರ್. ಸಾಯೋಗಂಟ ಆ ಮಕ್ಳ ಕಣ್ಣಾಗೆ ಕಳ್ಳ ಆಗಿ ಇರಾಕಾಗಲ್ಲ ನನಗೆ."

ಮಾರುತೇಶ್ ಗೋಡೆಯ ಕಡೆ ನೋಡಿದ. ಗಟ್ಟಿಯಾಗಿ ಕರೆದರೆ ಕೇಳುವಷ್ಟು ದೂರ. ಕರೆದು ಹೇಳಿದರೆ ನಾಳೆ ಅದು ರಾಜಕುಮಾರನ ಬಾಯಿಗೆ, ಅಲ್ಲಿಂದ ಕಚೇರಿಗೆ. ಹೇಳದಿದ್ದರೆ ನಷ್ಟ ಈ ಮುದುಕನೊಬ್ಬನಿಗೆ ಮಾತ್ರ. ಇವನಿಗೆ ಇನ್ನೆಷ್ಟು ವರ್ಷ ಎಂಬ ಯೋಚನೆ ಅವನ ಮನಸ್ಸಿನಲ್ಲಿ ಬಂದು, ಹೋಗದೆ ಅಲ್ಲೇ ನಿಂತಿತು.

"ಫೋಟೊ ತೆಗೀಬೇಕು ಅಜ್ಜಾ" ಎಂದ. "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ."

ಅಂಜನಪ್ಪ ಪಕ್ಕಕ್ಕೆ ಸರಿದ. ಮಾರುತೇಶ್ ಉತ್ತ ನೆಲದ ಫೋಟೊ ತೆಗೆದು, ಮೈದಾನವಿಲ್ಲ ಎಂದು ಒತ್ತಿದ. ಹಸಿರು ಚುಕ್ಕಿ ಅಳಿಯಿತು. ಅದರ ಜೊತೆಗೆ ಆಟಗಾರರ ಖಾನೆಯೂ ಮುಚ್ಚಿಕೊಂಡಿತು. ಮೇಗಳಹಟ್ಟಿಯಲ್ಲಿ ಈಗ ಆಡುವವರು ಯಾರೂ ಇರಲಿಲ್ಲ. ಗೋಡೆಯ ಹತ್ತಿರದ ಹುಡುಗಿಯರು ಒಬ್ಬೊಬ್ಬರಾಗಿ ಮನೆ ಕಡೆ ಹೊರಟರು. ಅವರು ಅವನ ಪಕ್ಕದಲ್ಲೇ ಹಾದುಹೋದರು. ಮೈದಾನ ಎಂದು ಬರೆಯಬೇಡಿ ಎಂದು ಅಂಜನಪ್ಪ ಹೇಳಿದ್ದ, ಆದರೂ ಬರೆದದ್ದು ನಾನು ಎಂದು ಮಾರುತೇಶ್ ಅವರಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.